ಅಲಿಯಬ್ಬ ಮಾತ್ರೆ ಉಳಿಸುವವರಲ್ಲ

ಕಾಪು ಪೇಟೆಯ ಅಲಿಯಬ್ಬ ಬ್ಯಾರಿಗಳು ತಮ್ಮ ಒಣಮೀನಿನ ಅಂಗಡಿಯಲ್ಲಿ ಕೂತು ಸೀನಿದರೆ ದೀಪಸ್ತಂಭದ ದೀಪ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಕಾಪುವಿಗೆ ಹೊರಟ ದೋಣಿಗಳು ತಪ್ಪಿ ಮಲ್ಪೆ ಸೇರಿದ್ದೂ ಉಂಟು. ಅಂಥ ಗಟ್ಟಿ ಆಸಾಮಿ ಎಂಬತ್ತೆರಡನೇ ಇಸವಿಯ ಮಳೆಗಾಲದಿಂದ, ರಕ್ತದೊತ್ತಡ ತೋರಿಸಲು ಮಣಿಪಾಲದ ಆಸ್ಪತ್ರೆಗೆ ಹೊರಟಾಗಲೆಲ್ಲ ಬಸ್ಸಿನಲ್ಲೇ ಕುಸಿಯತೊಡಗಿದರು. ಬೇರೆ ದಿನ ಗುಂಡುಕಲ್ಲು. ಕಂಡಕ್ಟರ್ ಲೀಲಾಧರನಿಗೆ ಅಭ್ಯಾಸವಾಗಿ ಹೋಗಿ, ಟಿಕೆಟು ಹರಿಯುವಾಗಲೇ, "ಬ್ಯಾರಿಗಳೇ, ಇವತ್ತು ಬೀಳುವುದು ಕಟಪಾಡಿಯಲ್ಲೋ ಉದ್ಯಾವರದಲ್ಲೋ?" ಎಂದು ಕೇಳುತ್ತಿದ್ದ.

ತುರ್ತು ವಿಭಾಗದವರು ಎದೆ ನೋಡಿದರು, ತಲೆ ನೋಡಿದರು. ಏನೂ ಸಿಗಲಿಲ್ಲ. ಮಗ ಶುಕೂರನಿಗೆ ಮಾತ್ರ ಸಿಕ್ಕಿತ್ತು: ವಯಸ್ಸು.

"ಬಾಪಾ, ಇನ್ನೊಮ್ಮೆ ಬಿದ್ದರೆ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ನೀವು ಮನೆಯಲ್ಲಿ ಕೂತುಕೊಳ್ಳಿ."

ಮನೆಯಲ್ಲಿ ಕೂರುವುದೆಂದರೆ ಅಲಿಯಬ್ಬರಿಗೆ ಉಸಿರಿರುವಾಗಲೇ ಮಣ್ಣು ಹಾಕಿಸಿಕೊಂಡ ಹಾಗೆ. ಆದರೂ ಮುಂದಿನ ಸಲ ಉದ್ಯಾವರದ ಸೇತುವೆ ಬರುವಷ್ಟರಲ್ಲಿ ಬಿದ್ದರು. ಆ ದಿನ ಹೆಂಡತಿ ರುಕಿಯಮ್ಮನೂ ಜೊತೆಗಿದ್ದರು.

ಕಣ್ಣು ಬಿಟ್ಟಾಗ ಎದುರಿಗೆ ಡಾಕ್ಟರ್ ಗ್ಲ್ಯಾಡಿಸ್.

"ತಿನ್ನುವ ಮಾತ್ರೆ ತಂದಿದ್ದೀರಾ ಬ್ಯಾರಿಗಳೇ?"

ಅಲಿಯಬ್ಬ ಬನಿಯನ್ನಿನ ಕಿಸೆಯಿಂದ ಖಾಲಿ ಪಟ್ಟಿ ತೆಗೆದು, ಬಹುಮಾನದ ಪದಕದಂತೆ ಎತ್ತಿ ಹಿಡಿದರು. "ನೋಡಿ ಡಾಕ್ಟ್ರಮ್ಮ, ಒಂದೂ ಉಳಿಸಿಲ್ಲ."

"ನಿನ್ನೆ ಎಷ್ಟಿತ್ತು?"

ಅಲಿಯಬ್ಬ ಫ್ಯಾನು ನೋಡಿದರು. ರುಕಿಯಮ್ಮ ಬಾಯಿ ಬಿಟ್ಟರು. "ಅರ್ಧ ಪಟ್ಟಿ ಇತ್ತು. ಇವರಿಗೆ ಮಾತ್ರೆ ನೆನಪಾಗುವುದೇ ಇಲ್ಲಿಗೆ ಬರುವ ದಿನ. ಬೆಳಿಗ್ಗೆ ಪತ್ತಿರಿ ರೊಟ್ಟಿಯ ಜೊತೆ ಎಲ್ಲ ಒಟ್ಟಿಗೆ ನುಂಗಿದ್ದಾರೆ."

"ಮತ್ತೆಂತ ಮಾಡುವುದು ಮಾರಾಯ್ತಿ? ಊಟಕ್ಕೆ ಕರೆದವರ ಎದುರು ಬಟ್ಟಲಲ್ಲಿ ಅನ್ನ ಬಿಡ್ತೇವಾ? ಕೊಟ್ಟವರಿಗೂ ಒಂದು ಮರ್ಯಾದೆ ಬೇಡವಾ?"

ಗ್ಲ್ಯಾಡಿಸ್ ನಗು ನುಂಗಿಕೊಂಡರು. "ಒತ್ತಡ ಒಮ್ಮೆಲೇ ಇಳಿಸಿ ನಿಮ್ಮನ್ನು ಬೀಳಿಸುವುದು ಆ ಮಾತ್ರೆಗಳೇ. ದಿನಕ್ಕೆ ಒಂದೇ. ಉಳಿದದ್ದನ್ನು ಇಲ್ಲಿಗೆ ತನ್ನಿ, ನನಗೆ ಬೇಸರವಿಲ್ಲ."

"ಹಾಗಾದ್ರೆ ವಯಸ್ಸಲ್ಲ?"

"ವಯಸ್ಸಲ್ಲ."

"ಅದನ್ನು ಹೊರಗೆ ನನ್ನ ಮಗ ನಿಂತಿದ್ದಾನಲ್ಲ, ಅವನಿಗೆ ಸ್ವಲ್ಪ ಜೋರಾಗಿ ಹೇಳಿ."

ಶುಕೂರ್ ಒಪ್ಪಿದ, ಒಂದು ಷರತ್ತಿನ ಮೇಲೆ: ಮಾತ್ರೆಯನ್ನು ದಿನಾ ಉಮ್ಮನೇ ಅಂಗಡಿಗೆ ಬಂದು ಕೈಯಾರೆ ಕೊಡಬೇಕು.

ಹೀಗೆ ಅಂಗಡಿ ಉಳಿಯಿತು. ಆದರೆ ಮಾತ್ರೆ ಕೊಡಲು ಬಂದ ರುಕಿಯಮ್ಮ ಗಿರಾಕಿಗಳ ಜೊತೆ ಮಾತಿಗೆ ಕೂತರು. ಅಲ್ಲಿ ಇದ್ದದ್ದು ಒಂದೇ ಕುರ್ಚಿ. ವಾರದೊಳಗೆ ಸಿಗಡಿಯ ರೇಟನ್ನೂ ಅವರೇ ಹೇಳತೊಡಗಿದರು. ಅಲಿಯಬ್ಬ ಒಣಮೀನಿನ ಮೂಟೆಯ ಮೇಲೆ ಕೂತು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಒಮ್ಮೆ ಸೀನಿದರು. ದೀಪಸ್ತಂಭದ ದೀಪ ಮಿಟುಕಿತೋ ಇಲ್ಲವೋ, ರುಕಿಯಮ್ಮ ಮಾತ್ರ ತಿರುಗಿ ನೋಡಲಿಲ್ಲ.