ಹಿಂದೆ ಸರಿಯುತ್ತಿದ್ದ ರೆಫರಿ

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಭಾನುವಾರಗಳಲ್ಲಿ ಫುಟ್‌ಬಾಲ್ ರೆಫರಿ. ಮೈದಾನದಲ್ಲಿ ಎಲ್ಲರ ಬಾಯಲ್ಲೂ ‘ಸೀಟಿಯಣ್ಣ’. ವಯಸ್ಸು ಐವತ್ತರ ಹತ್ತಿರ, ಒಂಟಿ ಜೀವ. ಆಟ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿಕೊಂಡು ಹೊರಡುತ್ತಿದ್ದರು. ಅವನನ್ನು ಕರೆಯುವುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಒಂದು ಭಾನುವಾರ ಪೆನಾಲ್ಟಿ ಕೊಟ್ಟಾಗ ಐದಾರು ಆಟಗಾರರು ಅವನನ್ನು ಮುತ್ತಿದರು. ಅವರ ದನಿ ಏರಿದಂತೆಲ್ಲ ಅವನು ಹಿಂದೆ ಹಿಂದೆ ಸರಿದ. ಕೊನೆಗೆ ಗೆರೆಯಾಚೆ ನಿಂತು ತನ್ನ ತೀರ್ಪನ್ನೇ ವಾಪಸು ಪಡೆದ. ಇಡೀ ಮೈದಾನ ಗೊಳ್ಳೆಂದು ನಕ್ಕಿತು.

ಲೀಗ್ ಕಚೇರಿಯವರು ಬೈಯಲಿಲ್ಲ, ತರಬೇತಿಗೆ ಕಳಿಸಿದರು. ಚೆಂಡು, ಬಲೆ ತುಂಬಿದ್ದ ಉಗ್ರಾಣದ ಪಕ್ಕದ ಕೋಣೆ. ತರಬೇತುದಾರಳು ಅವನ ಕಣ್ಣು ಕಿವಿ ಮುಚ್ಚುವಂತೆ ವಿ.ಆರ್. ಹೆಡ್‌ಸೆಟ್ ಕಟ್ಟಿದಳು. ಎದುರಿಗೆ ಮೈದಾನ ತೆರೆದುಕೊಂಡಿತು. ಅವನು ತೀರ್ಪು ಕೊಟ್ಟಿದ್ದೇ ತಡ, ಅಲ್ಲಿನ ಆಟಗಾರರೂ ಸುತ್ತುಗಟ್ಟಿ ಅರಚತೊಡಗಿದರು. ಹಿಂದೆ ಸರಿಯುತ್ತಾ ಹೋದವನ ಬೆನ್ನು ಗೋಡೆಗೆ ಬಡಿಯಿತು.

“ನಿಂತ್ಕೊಳ್ಳಿ ಸರ್. ಅವರೆಲ್ಲ ಬರೀ ಚಿತ್ರ, ಮುಟ್ಟೋಕಾಗಲ್ಲ.”

“ಬೈಗುಳ ಮಾತ್ರ ಅಪ್ಪಟ ಕಣಮ್ಮ.”

ವಾರಕ್ಕೆರಡು ಸಂಜೆ ಅಂಗಡಿಯಿಂದ ನೇರ ಅಲ್ಲಿಗೇ ಹೋಗತೊಡಗಿದ. ಆರನೇ ವಾರಕ್ಕೆ ಕಾಲು ನೆಲದಲ್ಲಿ ಊರಿ ನಿಂತಿತು. ಅಂದು ಹೆಡ್‌ಸೆಟ್ಟಿನೊಳಗಿನ ಆಟ ಮುಗಿದಾಗ ಒಂದು ತಂಡದ ನಾಯಕ ನಗುತ್ತಾ ಕೈ ಚಾಚಿದ. ಅವನೂ ಚಾಚಿದ, ಬೆರಳಿಗೆ ಏನೂ ಸಿಗಲಿಲ್ಲ.

“ಮುಗೀತು ಸರ್, ತೆಗೀಬಹುದು.”

“ಗೊತ್ತಮ್ಮ. ಒಂದ್ನಿಮಿಷ ಇರ್ತೀನಿ.”

ಅವಳು ಯಂತ್ರ ಆರಿಸಲಿಲ್ಲ. ಸುತ್ತಿಟ್ಟಿದ್ದ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತಾ ನಿಂತಳು.

ಮುಂದಿನ ಭಾನುವಾರ ಮತ್ತೆ ಪೆನಾಲ್ಟಿ. ಈ ಸಲ ನಿಜವಾದ ನಾಯಕ ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದ. “ಕಣ್ಣು ಕಾಣಲ್ವಾ ಸೀಟಿಯಣ್ಣ? ಕನ್ನಡಕ ಹಾಕ್ಕೋ!”

ಅವನು ಕದಲಲಿಲ್ಲ. “ಅಂಗಡಿಗೆ ಬಾ, ನಿಂಗೇ ಒಂದು ಮಾಡ್ಕೊಡ್ತೀನಿ. ಪೆನಾಲ್ಟಿ ಪೆನಾಲ್ಟಿನೇ.”

ಹಿಂದಿದ್ದವರು ಕಿಸಕ್ಕೆಂದರು, ಆಟ ಮುಂದುವರಿಯಿತು. ಮುಗಿದ ಮೇಲೆ ಜಗಳವಿಲ್ಲ, ತಕರಾರಿಲ್ಲ. ಹತ್ತು ನಿಮಿಷದಲ್ಲಿ ಮೈದಾನ ಖಾಲಿ.

ಸಂಜೆ ಬೇರೆ ಊರಿನಲ್ಲಿದ್ದ ಅಕ್ಕ ಫೋನ್ ಮಾಡಿದಳು. “ಏನೋ, ಹೇಗಾಯ್ತು ಇವತ್ತು?”

“ಚೆನ್ನಾಗಾಯ್ತು ಅಕ್ಕ. ಯಾರೂ ನನ್ನ ಮಾತೇ ಎತ್ತಲಿಲ್ಲ.”

“ಅದು ಒಳ್ಳೇದಾ?”

“ರೆಫರಿಗೆ ಒಳ್ಳೇದು.”

ಅಕ್ಕ ತನ್ನ ಮಂಡಿನೋವಿನ ಮಾತಿಗೆ ತಿರುಗಿದಳು. ಅವನು ಬೂಟಿನ ಮಣ್ಣು ಕೆರೆಯುತ್ತಾ, ಮಾತು ನಿಂತುಹೋಗದಂತೆ ಒಂದೊಂದಕ್ಕೂ ಹೂಂಗುಟ್ಟುತ್ತಾ ಕೂತ.