ತೆಗೆಯದೆ ಬಿಟ್ಟ ಎರಡನೇ ಸ್ಕ್ಯಾನ್

2023ರಲ್ಲಿ ನಾನು ಹೊನ್ನಾಳಿಯ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನ ಸಿ.ಟಿ. ಕೋಣೆಯಲ್ಲಿ ಸಹಾಯಕನಾಗಿದ್ದೆ. ಓದಿದ್ದು ಏಳನೇ ತರಗತಿ. ರೋಗಿಗಳಿಗೆ ಬಟ್ಟೆ ಬದಲಿಸುವುದು, ಮೇಜಿನ ಮೇಲೆ ಮಲಗಿಸುವುದು, ಹೊರಳಿಸುವುದು ನನ್ನ ಕೆಲಸ. ಯಂತ್ರ ನಡೆಸುತ್ತಿದ್ದವರು ನ್ಯಾಮತಿ ಕಡೆಯ ಟೆಕ್ನಿಷಿಯನ್ ಮಂಜುನಾಥ.

ಆ ವರ್ಷ ಜಗಳೂರಿನಿಂದ ನನ್ನ ಅಣ್ಣ ತಿಪ್ಪೇಸ್ವಾಮಿ ಬಂದ. ಕುರಿ ವ್ಯಾಪಾರಿ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು, ಅನ್ನ ಹಾಕಿದಷ್ಟೇ ಸಲೀಸಾಗಿ ಬೆಲ್ಟಿನಿಂದ ಬಾರಿಸಿದವನು. ಅವನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಕ್ಯಾಮೆರಾ ಪೈಪು ಹಾಕಿಸಿಕೊಳ್ಳಲು ಒಪ್ಪದ್ದಕ್ಕೆ ಡಾಕ್ಟರು ಸಿ.ಟಿ. ಕೊಲೊನೋಗ್ರಫಿ ಬರೆದಿದ್ದರು. ತಮ್ಮ ಇರುವ ಕಡೆಯೇ ಆಗಲಿ ಎಂದು ಬಂದಿದ್ದ.

ಇದರಲ್ಲಿ ಗುದದ್ವಾರಕ್ಕೆ ತೆಳು ನಳಿಕೆ ಇಟ್ಟು ಅನಿಲ ತುಂಬಿ ದೊಡ್ಡ ಕರುಳನ್ನು ಉಬ್ಬಿಸುತ್ತಾರೆ. ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಹೊರಳಿದಾಗ ಕರುಳಲ್ಲಿ ಉಳಿದ ನೀರು ಜಾಗ ಬದಲಿಸುತ್ತದೆ. ಅದರಡಿ ಮುಳುಗಿದ್ದ ಗಂಟು ಆಗ ಕಾಣುತ್ತದೆ.

ಮೊದಲ ಸ್ಕ್ಯಾನ್ ಆಯಿತು. ಹೊರಳಿಸಲು ಹೋದಾಗ ಅಣ್ಣನ ಅಂಗಿ ಸೊಂಟದ ಮೇಲೆ ಸರಿಯಿತು. ಅವನು ನನ್ನ ಮುಖಕ್ಕೇ ಒದ್ದ. ಗೋಡೆಗೆ ಬಿದ್ದೆ. ತುಟಿ ಸೀಳಿ ಮುಂದಿನ ಹಲ್ಲು ಅಂಗೈಗೆ ಬಂತು.

“ನಿನ್ನ ಕುಂಡಿ ತೊಳೆದು ಬೆಳೆಸಿದೋನು ನಾನು. ನನ್ನ ಬಟ್ಟೆ ಎತ್ತಾಕೆ ಬಂದೀಯೇನಲೇ?”

ಆಮೇಲೆ ನನ್ನ ಬಾಯಿಯ ರಕ್ತ ನೋಡಿ ಮೆತ್ತಗಾದ. “ಆತು, ಹೊರಳ್ಸು ಬಾ” ಅಂದ. ಅದನ್ನು ಕೇಳಿಸಿಕೊಂಡೇ ನಾನು ಹೊರಗೆ ಹೋದೆ. ಗಾಜಿನಾಚೆ ಕೂತಿದ್ದ ಮಂಜುನಾಥರಿಗೆ, ಅವನು ಒಪ್ಪುತ್ತಿಲ್ಲ, ಸಾಕಂತೆ ಎಂದೆ. ಅವರು ನನ್ನ ಮುಖ ನೋಡಿ ನಂಬಿದರು.

ಎಡಗಡೆ ಕೆಳಭಾಗ ನೀರಿನಲ್ಲಿ ಮುಚ್ಚಿಹೋಗಿದೆ, ಪರೀಕ್ಷೆ ಅಪೂರ್ಣ, ಮುಂದಿನ ವಾರ ಕರೆದುಕೊಂಡು ಬಾ ಎಂದು ರೇಡಿಯಾಲಜಿಸ್ಟ್ ನನಗೇ ಹೇಳಿದರು. ಸ್ವಂತ ತಮ್ಮನಲ್ಲವೇ. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಕೇಳಿದಾಗ, ಏನೂ ಇಲ್ಲ, ಮೂಲವ್ಯಾಧಿ ಎಂದೆ. ಇನ್ನೊಂದು ಸಲ ಅವನನ್ನು ಮುಟ್ಟುವುದು ನನಗೆ ಬೇಕಿರಲಿಲ್ಲ. ವಾರ ಕಳೆದ ಮೇಲೆ ಹೇಳಲು ನಾಚಿಕೆಯಾಯಿತು. ತಿಂಗಳುಗಳಾದ ಮೇಲೆ ಭಯವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಇಬ್ಬರು ಗಂಡುಮಕ್ಕಳು ಅವನನ್ನು ನಮ್ಮ ಸೆಂಟರಿಗೇ ಹೊತ್ತು ತಂದರು. ಹೊಟ್ಟೆ ಕಲ್ಲಾಗಿತ್ತು. ನೋವಿಗೆ ತಲೆಯನ್ನು ಯಂತ್ರಕ್ಕೆ ಚಚ್ಚಿಕೊಳ್ಳುತ್ತಿದ್ದ. ನಾನು ಕಾಲು ಹಿಡಿದಿದ್ದೆ. ನರಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಿತ್ತು. ಅದೇ ಎಡಗಡೆ ಗಡ್ಡೆ ಕರುಳನ್ನು ಮುಚ್ಚಿತ್ತು, ಅದರ ಮೇಲಿನ ಕರುಳು ಉಬ್ಬಿ ಒಡೆದಿತ್ತು.

ಮತ್ತೆ ಬರಲು ಹೇಳಿದ್ದೆವಲ್ಲ ಎಂದರು ಮಂಜುನಾಥ.

“ಯಾವೋನಿಗೆ ಹೇಳಿದ್ರೀ?” ಎಂದ ದೊಡ್ಡ ಮಗ.

ಮಂಜುನಾಥ ನನ್ನ ಕಡೆ ನೋಡಿದರು. ನನಗೇನೂ ಗೊತ್ತಿಲ್ಲ ಎಂದೆ.

ಹುಡುಗರು ಮಂಜುನಾಥರನ್ನು ಕುರ್ಚಿಯಿಂದ ಹೊಡೆದರು. ಗಾಜು ಒಡೆಯಿತು. ತಪ್ಪಿಸಿಕೊಳ್ಳಲು ಅವರು ಸಿ.ಟಿ. ಕೋಣೆಯ ಬಾಗಿಲ ಚೌಕಟ್ಟು ಹಿಡಿದಾಗ ಚಿಕ್ಕವನು ಬಾಗಿಲನ್ನು ಒದ್ದು ಮುಚ್ಚಿದ. ವಿಕಿರಣ ತಡೆಯಲು ಸೀಸದ ಹಾಳೆ ಬಡಿದ ಭಾರದ ಬಾಗಿಲು. ಬೆರಳಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆಗಲೂ ನಾನು ಅಣ್ಣನ ಸ್ಟ್ರೆಚರ್ ಹಿಡಿದು ನಿಂತೇ ಇದ್ದೆ.

ಸ್ಟ್ರೆಚರಿನಿಂದ ಅಣ್ಣ ನನ್ನ ಕೈ ಹಿಡಿದ. “ತಮ್ಮಾ, ನಿನಗೆ ಹೇಳಿದ್ರಾ?”

“ಹೂನಣ್ಣ.”

ಅವನು ಮಕ್ಕಳಿಗೆ ಹೇಳಿದ್ದು ಇಷ್ಟೇ: “ಆ ಸಾಹೇಬ್ರನ್ನ ಬಿಡ್ರಿ. ತಪ್ಪು ಮನೆಯಾಗೈತೆ.” ಅವರು ನನ್ನ ಕಡೆ ತಿರುಗಿದರು. ಆಂಬುಲೆನ್ಸ್ ಬರುವವರೆಗೂ ಹೊಡೆದರು. ನಾನು ಕೈ ಅಡ್ಡ ಹಿಡಿಯಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಅಣ್ಣ ಬದುಕಿದ. ಆದರೆ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ, ಕೀಮೋ ನಡೆಯುತ್ತಿದೆ. ಮಂಜುನಾಥರ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಕ್ಷಮೆ ಕೇಳಲು ಹೋದಾಗ ಅವರು ಬಾಗಿಲು ತೆಗೆಯಲಿಲ್ಲ. ನಾನು ಕೆಲಸ ಬಿಟ್ಟು ಜಗಳೂರಿನ ಅಣ್ಣನ ಮನೆಯಲ್ಲಿದ್ದೇನೆ.

ಆ ಕೆಲಸದಿಂದ ಕಲಿತದ್ದನ್ನು ಓದುವವರಿಗೆ ಹೇಳಬೇಕು. ಹೊರಳಿ ಮಲಗಿ ಎಂದರೆ ನಾಚದೆ ಹೊರಳಿ. ನಿಮ್ಮ ಮನೆಯವನೇ ಆಸ್ಪತ್ರೆಯಲ್ಲಿದ್ದರೂ ಫಲಿತಾಂಶವನ್ನು ಅವನಿಂದ ಕೇಳಬೇಡಿ. ಡಾಕ್ಟರ ಎದುರು ನೀವೇ ಕೂತು ಕೇಳಿ.

ಅಣ್ಣನಿಗೆ ಈಗ ಹೊಟ್ಟೆಯ ಮೇಲಿನ ಚೀಲಕ್ಕೆ ಮಲ ಬರುತ್ತದೆ. ಅದನ್ನು ಬದಲಿಸುವವನು ನಾನು. ಅವನು ತಾನೇ ಅಂಗಿ ಎತ್ತಿ ಗೋಡೆ ಕಡೆ ಮುಖ ಮಾಡುತ್ತಾನೆ. ಸುತ್ತಲಿನ ಚರ್ಮ ಒರೆಸಿ, ಎಲ್ಲ ಸರಿ ಐತಣ್ಣ ಎನ್ನುತ್ತೇನೆ.

ಅವನು ಅತ್ತಿಗೆಯನ್ನು ಕೂಗುತ್ತಾನೆ: “ನೀನೊಂದ್ಸಲ ಬಂದು ನೋಡೇ.”