ಮಾರದ ಮಜ್ಜಿಗೆ

ಟ್ರೇ ಹಿಡಿದ ಹುಡುಗಿ ನನ್ನ ಕುರ್ಚಿಯ ಪಕ್ಕದಿಂದ ಹಾಯ್ದು ಹೋದಾಗ ಮೂಗಿಗೆ ಮೊದಲು ಬಡಿದದ್ದು ಹಸಿ ಶುಂಠಿ, ಆಮೇಲೆ ಇಂಗು, ಆಮೇಲೆ ಕೊತ್ತಂಬರಿ. ಇವೆಲ್ಲದರ ಅಡಿಯಲ್ಲಿ, ಯಾರಿಗೋ ಅಂಜಿ ಮೂಲೆಗೆ ಕೂತ ಹಾಗೆ, ಮಜ್ಜಿಗೆಯ ವಾಸನೆ. ಅಳ್ನಾವರದಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿಯೊಬ್ಬಳ ಮಗಳ ನಿಶ್ಚಯಕ್ಕೆಂದು ಆ ಗುಡ್ಡದ ಮೇಲಿನ ರಿಸಾರ್ಟಿಗೆ ಹೋಗಿದ್ದೆ. ಸೆರಗಿಗೆ ಅಕ್ಕಿ, ಉತ್ತತ್ತಿ, ಅಡಿಕೆಯ ಉಡಿ ತುಂಬಿಸಿಕೊಂಡಾಗಿತ್ತು, ಊಟವೂ ಮುಗಿದಿತ್ತು. ಊಟದ ಕೊನೆಗೆ ಐಸ್‌ಕ್ರೀಮ್ ಇತ್ತು, ಮಜ್ಜಿಗೆ ಇರಲಿಲ್ಲ. ಬೇಕಾದವರು ಬೇರೆ ಹಣ ಕೊಟ್ಟು ತರಿಸಿಕೊಳ್ಳಬೇಕು. ಮೇಜಿನ ಮೇಲಿದ್ದ ಕಾರ್ಡಿನಲ್ಲಿ ‘ಅಜ್ಜಿಯ ಮಜ್ಜಿಗೆ’ ಎಂದು ಬರೆದು ಮುಂದೆ ಒಂದು ಬೆಲೆ ಹಾಕಿದ್ದರು. ಎಷ್ಟೆಂದು ಹೇಳುವುದಿಲ್ಲ, ಹೇಳಿದರೆ ನೀವು ನಗುತ್ತೀರಿ, ನನಗೆ ನಗು ಬರಲಿಲ್ಲ. “ಏನು ತರ್ಲಿ ಮೇಡಮ್?” ಎಂದು ಹುಡುಗಿ ತಿರುಗಿ ಬಂದು ಕೇಳಿದಾಗ ನನ್ನ ಬಾಯಿಂದ ಹೊರಟದ್ದು ನನ್ನ ಮಾತಲ್ಲ, ನನ್ನ ಅತ್ತೆಯ ಮಾತು. “ಏನೂ ಬ್ಯಾಡವ್ವಾ. ಈ ಊರಾಗ ಮಜ್ಜಿಗಿ ಮಾರೂದಿಲ್ಲ.” ಹುಡುಗಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ನಾನು ಕೂತಲ್ಲಿಂದ ಗುಡ್ಡದ ಬುಡದಲ್ಲಿ ಕಾರುಗಳು ಸಾಲಾಗಿ ನಿಂತ ಜಾಗ ಕಾಣುತ್ತಿತ್ತು. ನಮ್ಮ ಮನೆ ಇದ್ದದ್ದು ಅಲ್ಲೇ. ದೇವಿಕೊಪ್ಪ ದಾಟಿ ಕಾಡಿನ ಅಂಚು ಹಿಡಿದರೆ ಸಿಗುವ ಸಣ್ಣ ಊರು ನಮ್ಮದು. ಊರಿನ ಕೊನೆಯ ಮನೆ ನಮ್ಮದು, ಅದರ ಬೆನ್ನಿಗೆ ಎಮ್ಮೆಗುಡ್ಡ. ಈಗ ಆ ಗುಡ್ಡಕ್ಕೆ ಇಂಗ್ಲಿಷಿನಲ್ಲಿ ಮಂಜಿನ ಹೆಸರಿಟ್ಟಿದ್ದಾರೆ. ಮಂಜು ಕಾಣುತ್ತಿದ್ದದ್ದು ವರ್ಷಕ್ಕೆ ಎಲ್ಲೋ ನಾಲ್ಕು ಬೆಳಗು, ಎಮ್ಮೆ ಕಾಣುತ್ತಿದ್ದದ್ದು ದಿನಾಲೂ. ಅಪ್ಪನ ಅಕ್ಕ ಗಂಗವ್ವ, ಅಂದರೆ ನನ್ನ ಅತ್ತೆ, ಮದುವೆಯಾದ ವರ್ಷದೊಳಗೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ಬಂದವಳೇ ಮನೆಯ ಹೈನವನ್ನು ಕೈಗೆ ತೆಗೆದುಕೊಂಡಳಂತೆ. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲಕ್ಕೂ ಸೇರಿ ನಮ್ಮ ಕಡೆ ಹೈನ ಅನ್ನುತ್ತಾರೆ. ನನ್ನ ಬಾಲ್ಯದ ಬೆಳಗುಗಳೆಲ್ಲ ಅವಳು ಕಡೆಯುವ ಸದ್ದಿನಿಂದಲೇ ಶುರುವಾಗುತ್ತಿದ್ದವು. ಕಂಬಕ್ಕೆ ಕಟ್ಟಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ಎರಡು ತುದಿ ಹಿಡಿದು ಹಿಂದೆ ಮುಂದೆ ಹೋಗುವ ಅವಳ ಕೈ, ಕೈಯ ಹಸಿರು ಬಳೆಗಳಿಲ್ಲದ ಬರಿಯ ಮೌನ, ಗಡಿಗೆಯೊಳಗಿನ ಗುಳುಗುಳು. ಬೆಣ್ಣೆ ತೇಲುವ ಹೊತ್ತಿಗೆ ಆ ಸದ್ದು ದಪ್ಪಗಾಗುತ್ತಿತ್ತು. ನಾನು ಕೌದಿ ಒದ್ದು ಓಡಿಹೋಗಿ ಅಂಗೈ ಚಾಚುತ್ತಿದ್ದೆ. ಹಾಲನ್ನು ಸಗಣಿಯ ಕುಳ್ಳಿನ ಸಣ್ಣ ಬೆಂಕಿಯಲ್ಲಿ ಮಧ್ಯಾಹ್ನವಿಡೀ ಕಾಯಿಸುತ್ತಿದ್ದುದರಿಂದ ನಮ್ಮ ಬೆಣ್ಣೆಗೂ ಮಜ್ಜಿಗೆಗೂ ಹೊಗೆಯ ಒಂದು ತೆಳು ವಾಸನೆ ಇರುತ್ತಿತ್ತು. ಆ ವಾಸನೆ ಇಲ್ಲದ ಮಜ್ಜಿಗೆಯನ್ನು ನಾನು ಇವತ್ತಿಗೂ ಮಜ್ಜಿಗೆ ಎಂದು ಒಪ್ಪುವುದಿಲ್ಲ.

ಹೊತ್ತು ಏರುವ ಮೊದಲೇ ಕಟ್ಟೆಯ ಮೇಲೆ ತಂಬಿಗೆಗಳು ಬಂದು ಕೂಡುತ್ತಿದ್ದವು. ಹಿತ್ತಾಳೆಯವು, ತಾಮ್ರದವು, ನೆಗ್ಗಿದ ಅಲ್ಯುಮಿನಿಯಂನವು. ಅತ್ತೆ ಹಾಲು ಮಾರುತ್ತಿದ್ದಳು, ತುಪ್ಪ ಮಾರುತ್ತಿದ್ದಳು, ಕುಳ್ಳನ್ನೂ ಮಾರುತ್ತಿದ್ದಳು. ಚೌಕಾಶಿಗೆ ನಿಂತರೆ ಸಂತೆಯ ಗಂಡಸರೂ ಸೋಲಬೇಕು. ಆದರೆ ಮಜ್ಜಿಗೆಗೆ ಬೆಲೆ ಇರಲಿಲ್ಲ. ಮಜ್ಜಿಗೆ ಮಾರಿದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂದು ಅವಳು ನಂಬಿದ್ದಳು, ಊರೂ ನಂಬಿತ್ತು. ಬಂದ ತಂಬಿಗೆ ತುಂಬಲೇಬೇಕು. ಪಕ್ಕದ ಮನೆಯ ಭೀಮವ್ವನಿಗೂ ನಮಗೂ ಬೇಲಿಯ ಜಗಳ. ಮುಂಜಾನೆ ಇಬ್ಬರೂ ಒಬ್ಬರ ಮನೆತನವನ್ನೊಬ್ಬರು ಏಳು ತಲೆಮಾರು ಹಿಂದಿನಿಂದ ಬೈಯುತ್ತಿದ್ದರು. ಬೈಗುಳ ನಡೆದಿದ್ದಾಗಲೇ ಭೀಮವ್ವ ಸೆರಗಿನಡಿಯ ತಂಬಿಗೆ ಹೊರಗೆ ತೆಗೆಯುವಳು, ಅತ್ತೆ ಬೈಯುತ್ತಲೇ ಸುರಿಯುವಳು. “ಅತ್ತಿ, ಆಕಿಗ್ಯಾಕ ಕೊಡತಿ?” ಎಂದು ನಾನೊಮ್ಮೆ ಕೇಳಿದ್ದೆ. “ಜಗಳ ಬ್ಯಾರೆ, ಮಜ್ಜಿಗಿ ಬ್ಯಾರೆ. ಸುಮ್ಕ ತಂಬಿಗಿ ಹಿಡಿ,” ಅಂದಳು. ಇನ್ನೊಂದು ಪದ್ಧತಿಯೂ ಇತ್ತು. ತಂಬಿಗೆ ಖಾಲಿ ಬರುತ್ತಿರಲಿಲ್ಲ. ಒಳಗೆ ಒಂದು ಹಿಡಿ ಹತ್ತಿಕಾಳೋ, ಹೊಟ್ಟೋ, ಎರಡು ಉಳ್ಳಾಗಡ್ಡಿಯೋ ಇರುತ್ತಿತ್ತು. ಅದು ಬೆಲೆಯಲ್ಲ, ಯಾರೂ ಅದನ್ನು ಅಳೆಯುತ್ತಿರಲಿಲ್ಲ, ಏನೂ ಇಲ್ಲದವರು ಬೇಲಿಯ ಒಂದು ಹೂವನ್ನಾದರೂ ಹಾಕಿ ತರುತ್ತಿದ್ದರು.

ಎಲ್ಲವೂ ಚಂದವಿತ್ತು ಎಂದು ಬರೆದರೆ ಸುಳ್ಳಾದೀತು. ಮಜ್ಜಿಗೆ ಎಲ್ಲರಿಗೂ ಒಂದೇ ಇತ್ತು, ಬಾಗಿಲು ಒಂದೇ ಇರಲಿಲ್ಲ. ಕೇರಿಯ ರತ್ನವ್ವ ಹಿತ್ತಲ ಕಡೆಯಿಂದ ಬಂದು ಹುಣಸೆಮರದ ಕೆಳಗೆ ನಿಲ್ಲುತ್ತಿದ್ದಳು. ಅವಳ ತಂಬಿಗೆ ನೆಲದ ಮೇಲೆ, ಅತ್ತೆಯ ಕೈ ಎತ್ತರದಲ್ಲಿ, ನಡುವೆ ಬಿಳಿಯ ಧಾರೆ. ಹಾಗೆ ಸುರಿದಾಗ ಸುತ್ತಲೂ ಹನಿಗಳು ಸಿಡಿಯುತ್ತಿದ್ದವು. ರತ್ನವ್ವ ಸೆರಗಿನಿಂದ ತಂಬಿಗೆಯ ಮೈ ಒರೆಸಿಕೊಂಡು ಹೋಗುತ್ತಿದ್ದಳು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಗುಡ್ಡದಲ್ಲಿ ಸಗಣಿ ಆರಿಸಿದವರು. ಆ ಮನೆಯನ್ನು ನಾನು ಎಷ್ಟು ಪ್ರೀತಿಸಿದರೂ ಆ ಹನಿಗಳನ್ನು ಮರೆಯಲು ಆಗಿಲ್ಲ.

ನಾನು ಮದುವೆಯಾಗಿ, ನೌಕರಿ ಹಿಡಿದು ಅಳ್ನಾವರದಲ್ಲಿ ನೆಲೆ ನಿಂತ ಎಷ್ಟೋ ವರ್ಷಗಳ ಮೇಲೆ ಹೊಸಬರು ಬರತೊಡಗಿದರು. ಮೊದಲು ಹುಬ್ಬಳ್ಳಿಯವರು, ವಾರಕ್ಕೊಮ್ಮೆ ಗಾಳಿ ಕುಡಿಯಲು ತೋಟದ ಮನೆ ಕಟ್ಟಿದರು. ಆಮೇಲೆ ಬೆಂಗಳೂರಿನವರು, ಗೋವಾದ ಕಡೆಯವರು. ಬಂದದ್ದು ತಪ್ಪಲ್ಲ, ಬಂದವರಿಗೆ ನೀರು ಕೊಟ್ಟ ಊರು ಅದು. ಆದರೆ ಅವರ ಹಿಂದೆ ಬೆಲೆಯೂ ಬಂತು. ಭೂಮಿ ಮಾರಿದವರು ಸ್ಲ್ಯಾಬಿನ ಮನೆ ಕಟ್ಟಿದರು, ಮಾರದವರು ಮಗನಿಗೆಂದು ಒಂದು ಗುಂಟೆಯನ್ನೂ ಕೊಳ್ಳಲಾಗದಂತಾದರು. ಶಾಲೆಯ ಮಾಸ್ತರರು ಬಾಡಿಗೆಗೆ ಕೋಣೆ ಸಿಗದೆ ಕಲಘಟಗಿಯಿಂದ ಬಸ್ಸಿನಲ್ಲಿ ಓಡಾಡತೊಡಗಿದರು. ಜವಾರಿ ಎಂದರೆ ನಮ್ಮಲ್ಲಿ ಮನೆಯದು, ಅಗ್ಗದ್ದು ಎಂದಿತ್ತು; ಈಗ ಜವಾರಿ ಎಂದರೆ ದುಬಾರಿ. ಜವಾರಿ ತತ್ತಿ, ಜವಾರಿ ಕೋಳಿ, ಜವಾರಿ ಬೆಲ್ಲ ಎಲ್ಲವೂ ಗುಡ್ಡ ಹತ್ತಿ ಹೋದವು, ಊರಿನವರು ಅಂಗಡಿಯ ಪಾಕೀಟಿಗೆ ಬಂದರು. ಕೊನೆಗೆ ಎಮ್ಮೆಗುಡ್ಡಕ್ಕೇ ತಂತಿಬೇಲಿ ಬಿತ್ತು. ಎಮ್ಮೆಗಳು ಮೇಯಲು ಹೋಗುತ್ತಿದ್ದ ದಾರಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಅತ್ತೆಯ ಬಳಿ ಆಗ ಉಳಿದಿದ್ದದ್ದು ಕೆಂಚಿ ಎಂಬ ಒಂದೇ ಎಮ್ಮೆ. ಗುಡ್ಡವಿಲ್ಲದೆ ಕೆಂಚಿ ಇಲ್ಲ, ಕೆಂಚಿ ಇಲ್ಲದೆ ಮಜ್ಜಿಗೆ ಇಲ್ಲ, ಮಜ್ಜಿಗೆ ಇಲ್ಲದೆ ಅತ್ತೆಯ ಬೆಳಗು ಬೆಳಗಾಗುವಂತಿರಲಿಲ್ಲ.

ರಿಸಾರ್ಟಿನ ಮ್ಯಾನೇಜರು ಮನೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಒಳ್ಳೆಯ ಹುಡುಗ, ಚಪ್ಪಲಿ ಬಿಟ್ಟೇ ಕಟ್ಟೆ ಹತ್ತಿದ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಕಣ್ಣರಳಿಸಿದ. “ಅಜ್ಜಿ, ದಿನಾ ನಿಮ್ಮ ಮಜ್ಜಿಗೆ ಎಲ್ಲಾ ನಮಗೇ ಕೊಡಿ. ನೀವು ಹೇಳಿದ ರೇಟು. ನಿಮ್ಮ ಎಮ್ಮೆಗೆ ನಾನೇ ಗೇಟು ತೆಗೆಸ್ತೀನಿ,” ಎಂದ. ಆಮೇಲೆ, ಸುಮ್ಮನೆ ಮಾತಿಗೆಂಬಂತೆ, ಕೆಂಚಿಯನ್ನು ಕೊಟ್ಟರೆ ಎಷ್ಟಾದೀತು ಎಂದೂ ಕೇಳಿದ. ಒಪ್ಪಿಕೋ ಅತ್ತೆ, ಬರಿಯ ಮಜ್ಜಿಗೆ ತಾನೇ ಎಂದು ಒಳಗೊಳಗೇ ಅನ್ನುತ್ತಿದ್ದೆ. ಅತ್ತೆ ಅವನ ಖಾಲಿ ಲೋಟಕ್ಕೆ ಮತ್ತಷ್ಟು ಸುರಿದಳು. “ಮಜ್ಜಿಗಿಗೆ ಬಂದಾವ್ಗ ಎಮ್ಮಿ ರೇಟ್ ಯಾಕಪಾ ತಮ್ಮಾ? ಹಾಲು ಒಯ್ಯಿ, ತುಪ್ಪ ಒಯ್ಯಿ, ರೊಕ್ಕ ಎಣಸಿ ತಗೋತೇನಿ. ಮಜ್ಜಿಗಿ ಮಾರಂಗಿಲ್ಲ. ನಿಮ್ಮ ಮಂದಿಗೆ ಬೇಕಾಗಿದ್ರ ತಂಬಿಗಿ ಕೊಟ್ಟು ಕಳಸು, ಊರ ಮಂದಿ ಜೋಡಿ ಅವರಿಗೂ ಕೊಡತೇನಿ.” ಅವನಿಗೆ ಅರ್ಥವಾಗಲಿಲ್ಲ. ಬಿಟ್ಟಿ ಕೊಡುತ್ತೇನೆ ಅನ್ನುವವಳು ಮಾರಲು ಏಕೆ ಒಲ್ಲಳು? ಗೇಟಿನ ಬೀಗ ಹಾಗೆಯೇ ಉಳಿಯಿತು.

ಅದಾದ ಮೂರನೆಯ ಬೆಳಗ್ಗೆ ರತ್ನವ್ವ ಬಂದಳು. ತಲೆಯ ಮೇಲೆ ಒಂದು ಹೊರೆ ಹಸಿ ಹುಲ್ಲು, ಕೈಯಲ್ಲಿ ತಂಬಿಗೆ. ಅವಳು ಹಿತ್ತಲಿಗೆ ಹೋಗಲಿಲ್ಲ. ಮುಂಬಾಗಿಲಿಗೇ ಬಂದು, ಹೊರೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹಿತ್ತಲಾಗ ನಿಂತು ನಿಂತು ಕಾಲು ನೊಂದಾವು ಬೇ ಗಂಗವ್ವ. ಇನ್ನ ಇಲ್ಲೇ ಬರಾಕಿ ನಾ.” ಅತ್ತೆಯ ಮುಖ ಕೆಂಪಾಯಿತು, ಕಣ್ಣು ಕೆಳಗಾಯಿತು. ಆಮೇಲೆ ಕಟ್ಟೆಯ ಮೇಲೆ ಸರಿದು ಜಾಗ ಮಾಡಿ, ತಂಬಿಗೆಯನ್ನು ರತ್ನವ್ವನ ಕೈಯಿಂದಲೇ ತೆಗೆದುಕೊಂಡಳು. “ಕುಂದರ ಬಾ,” ಅಂದಳು, ಅಷ್ಟೇ. ಮರುದಿನ ಭೀಮವ್ವ ಬೈಯುತ್ತಲೇ ಒಂದು ಹೊರೆ ಭತ್ತದ ಹುಲ್ಲು ಎಸೆದು ಹೋದಳು. ಆಮೇಲೆ ಯಾವ ತಂಬಿಗೆಯೂ ಹುಲ್ಲಿಲ್ಲದೆ ಬರಲಿಲ್ಲ. ಗುಡ್ಡ ಏರಲಾಗದ ಕೆಂಚಿಗೆ ಗುಡ್ಡವೇ ಇಳಿದು ಬಂದಂತಾಯಿತು. ಅತ್ತೆ ಇದ್ದಷ್ಟು ವರ್ಷವೂ ಕೆಂಚಿ ಬತ್ತಲಿಲ್ಲ, ಕಡಗೋಲು ನಿಲ್ಲಲಿಲ್ಲ.

ಅತ್ತೆ ಹೋದ ಮೇಲೆ ಅವಳ ಮಾತಿನಂತೆ ಕೆಂಚಿ ರತ್ನವ್ವನ ಮನೆಗೆ ಹೋಯಿತು. ಮನೆಯನ್ನು ನನ್ನ ಅಣ್ಣ ಮಾರಿದ. ಬಂದ ಬೆಲೆಯ ಮುಂದೆ ನನ್ನ ಮಾತು ನಿಲ್ಲಲಿಲ್ಲ. ಕಂಬ, ಕಟ್ಟೆ, ಹುಣಸೆಮರ ಎಲ್ಲ ಹೋಗಿ ನೆಲ ಸಪಾಟಾಯಿತು. ನನಗೆ ದುಃಖವಿದೆ, ಸಿಟ್ಟೂ ಇದೆ, ಎರಡನ್ನೂ ಬಿಡುವ ಮನಸ್ಸಿಲ್ಲ. ಮನೆಗೆ ಬೆಲೆ ಕಟ್ಟಿದರು, ಗುಡ್ಡಕ್ಕೆ ಕಟ್ಟಿದರು, ಈಗ ಕಾರ್ಡಿನ ಮೇಲೆ ಒಬ್ಬ ಅಜ್ಜಿಗೂ ಕಟ್ಟಿದ್ದಾರೆ. ನನ್ನ ಅತ್ತೆ ಆ ಅಜ್ಜಿ ಅಲ್ಲ.

ಕುರ್ಚಿಯಿಂದ ಏಳಬೇಕೆನ್ನುವಷ್ಟರಲ್ಲಿ ಆ ಹುಡುಗಿ ಮತ್ತೆ ಬಂದಳು. ಈ ಸಲ ಟ್ರೇ ಇರಲಿಲ್ಲ. ಮುಚ್ಚಳದ ಸ್ಟೀಲ್ ತಂಬಿಗೆಯೊಂದನ್ನು ನನ್ನ ಕೈಗೆ ಕೊಟ್ಟಳು. ಮುಚ್ಚಳ ತೆಗೆದೆ. ಶುಂಠಿಯಿಲ್ಲ, ಇಂಗಿಲ್ಲ. ಕುಳ್ಳಿನ ಹೊಗೆ. ಎಷ್ಟು ವರ್ಷವಾಗಿತ್ತೋ! ನನಗೆ ತಡೆಯಲಾಗಲಿಲ್ಲ, ಅಷ್ಟು ಜನರ ನಡುವೆಯೇ ಅತ್ತುಬಿಟ್ಟೆ. “ನಮ್ಮನೀದ್ರಿ ಅಕ್ಕಾರ, ಬುತ್ತಿ ಜೋಡಿ ತಂದಿದ್ನಿ,” ಎಂದಳು ಹುಡುಗಿ. “ರತ್ನವ್ವ ನಮ್ಮಜ್ಜಿರೀ. ನಿಮ್ಮ ಮಾತು ಕೇಳಿದ ಕೂಡ್ಲೇ ಗೊತ್ತಾತು, ಇವರು ಗಂಗವ್ವನ ಮನಿಯವ್ರು ಅಂತ. ಕೆಂಚಿ ಮೊಮ್ಮಗಳು ಈಗ ಹೈನಕ್ಕೈತ್ರಿ.” ಕೌಂಟರಿನ ಹಿಂದಿನಿಂದ ಯಾರೋ, “ಆ ಟೇಬಲ್‌ದು ಬಿಲ್ ಆಯ್ತಾ?” ಎಂದು ಕೂಗಿದರು. ಹುಡುಗಿ ತಿರುಗಿ, ದನಿ ಏರಿಸದೆ ಹೇಳಿದಳು. “ಇದು ಮಾರೂದಲ್ರೀ ಸರ್.”

ಕೊನೆಯ ಹನಿಯವರೆಗೆ ಕುಡಿದೆ. ಆಮೇಲೆ ಉಡಿಯ ಗಂಟು ಬಿಚ್ಚಿ, ಒಂದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ ತಂಬಿಗೆಯೊಳಗೆ ಹಾಕಿ ಅವಳ ಕೈಗಿಟ್ಟೆ. ಅವಳು ಒಳಗೆ ಇಣುಕಿ ನೋಡಿದಳು. ಯಾಕೆಂದು ಕೇಳಲಿಲ್ಲ, ಅವರ ಮನೆಯಲ್ಲಿಯೂ ತಂಬಿಗೆ ಖಾಲಿ ಮರಳುವುದಿಲ್ಲ ಎಂದು ಗೊತ್ತಾಯಿತು. ಮುಚ್ಚಳ ಒತ್ತಿ, ಎರಡು ಹೆಜ್ಜೆ ಹೋದವಳು ನಿಂತು ತಿರುಗಿದಳು.

“ಐತವಾರ ಮನಿಗೇ ಬರ್ರಿ ಅಕ್ಕಾರ, ತಂಬಿಗಿ ತಗೊಂಡು,” ಅಂದಳು. ತುಟಿಯ ತುದಿಯಲ್ಲಿ ತುಂಟ ನಗು. “ಹಿತ್ತಲಕ್ಕ ಬ್ಯಾಡ್ರಿ ಮತ್ತ. ಮುಂಬಾಗಿಲಕ್ಕ ಬರ್ರಿ.”